ಲಿಮಿಟೆಡ್ ಅನ್ನೋ ಚೀಟಿ ಬಿಡಿ, ಒಳಗಿನ ಮಿಕ್ಸ್ ಯಾವುದು ನೋಡಿ

ಪ್ರಶ್ನೆ: ಸರ್, ನಮ್ಮದು ಪೊನ್ನಂಪೇಟೆ ಕಡೆ ಕಾಫಿ ತೋಟ. ಹಡಗಿನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದಿರುವ ನನ್ನ ಚಿಕ್ಕಪ್ಪ ತಮ್ಮ 14 ಡಿಸ್ಕ್‌ಗಳನ್ನು ನನಗೆ ಕೊಟ್ಟಿದ್ದಾರೆ. ಎಸ್‌ಎಸಿಡಿ (ಸೂಪರ್ ಆಡಿಯೊ ಸಿಡಿ), ಡಿವಿಡಿ-ಆಡಿಯೊ, ಒಂದು ಡಿಟಿಎಸ್ ಸಿಡಿ. ಎಲ್ಲವೂ ಸರೌಂಡ್ ಸಂಗೀತ, ಅಂದರೆ ಸುತ್ತಲಿನ ಸ್ಪೀಕರುಗಳಿಂದ ಬರುವ ಸಂಗೀತ ಅಂತ ಹೇಳಿದರು. ಮನೆಯಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ 5.1 ಹೋಮ್ ಥಿಯೇಟರ್ ಇದೆ. ಆದರೆ ಎಸ್‌ಎಸಿಡಿ ಹಾಕಿದರೆ ಮುಂದಿನ ಎರಡು ಸ್ಪೀಕರ್ ಮಾತ್ರ ಹಾಡುತ್ತವೆ. ಎರಡು ಡಿಸ್ಕಿಗೆ ಬೂಷ್ಟು ಹಿಡಿದಿದೆ. ನನಗೂ ಇಂಥ ಲಿಮಿಟೆಡ್ ಎಡಿಷನ್‌ಗಳನ್ನು ಸೇರಿಸಬೇಕು ಅನ್ನೋ ಆಸೆ ಹುಟ್ಟಿದೆ. ಒಬ್ಬರು ಒಂದು ಎಸ್‌ಎಸಿಡಿಗೆ 9000 ರೂಪಾಯಿ ಕೇಳುತ್ತಿದ್ದಾರೆ, ಇನ್ನೆಲ್ಲೂ ಸಿಗಲ್ಲ ಅನ್ನುತ್ತಾರೆ. ಕೊಳ್ಳಬಹುದಾ? ನಮ್ಮ ಮಳೆಯಲ್ಲಿ ಇವೆಲ್ಲ ಉಳಿಯುತ್ತವಾ?

ಉತ್ತರ: ಮೊದಲು ಆ 9000 ರೂಪಾಯಿ ಜೇಬಿನಲ್ಲೇ ಇರಲಿ. ಅದಕ್ಕೆ ಆಮೇಲೆ ಬರುತ್ತೇನೆ. ಕೈಯಲ್ಲಿ ಆಗಲೇ 14 ಡಿಸ್ಕ್ ಇದೆ, ಅವು ಐದೂ ಸ್ಪೀಕರಿನಲ್ಲಿ ಹಾಡುವ ಹಾಗೆ ಮಾಡಿಕೊಳ್ಳದೆ ಹದಿನೈದನೆಯದನ್ನು ತರುವುದು ಸರಿಯಲ್ಲ.

ನಿಮ್ಮ ತೊಂದರೆ ಬಹುತೇಕ ಪ್ಲೇಯರಿನದು, ಇಲ್ಲವೇ ಕೇಬಲ್ಲಿನದು. ಸೋನಿ ಮತ್ತು ಫಿಲಿಪ್ಸ್ ಸೇರಿ 1999ರಲ್ಲಿ ಎಸ್‌ಎಸಿಡಿ ತಂದವು. ಅದರಲ್ಲಿ ಹೆಚ್ಚಿನವು ಹೈಬ್ರಿಡ್ ಡಿಸ್ಕ್‌ಗಳು. ಅಂದರೆ ಒಂದೇ ಡಿಸ್ಕಿನಲ್ಲಿ ಎರಡು ಪದರ. ಒಂದು ಮಾಮೂಲಿ ಸಿಡಿ ಪದರ, ಅದು ಯಾವ ಸಿಡಿ ಪ್ಲೇಯರಿನಲ್ಲಾದರೂ ಓಡುತ್ತದೆ, ಅದು ಸ್ಟೀರಿಯೊ ಮಾತ್ರ. ಇನ್ನೊಂದು ಪದರದಲ್ಲಿ ಎಸ್‌ಎಸಿಡಿ ಇರುತ್ತದೆ, ಸರೌಂಡ್ ಇರುವುದು ಅಲ್ಲಿ. ನಿಮ್ಮ ಪ್ಲೇಯರಿಗೆ ಎಸ್‌ಎಸಿಡಿ ಓದಲು ಬರದಿದ್ದರೆ ಅದು ಸದ್ದಿಲ್ಲದೆ ಸಿಡಿ ಪದರ ಓದಿಬಿಡುತ್ತದೆ. ಹಾಡು ಬರುತ್ತದೆ, ತಪ್ಪಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಪ್ಲೇಯರಿನ ಮುಖದ ಮೇಲೆ ಎಸ್‌ಎಸಿಡಿ ಗುರುತು ಇದೆಯಾ ನೋಡಿ. ಇದ್ದರೆ ಹಿಂದೆ ತಿರುಗಿಸಿ ಕೇಬಲ್ ನೋಡಿ. ತೆಳ್ಳಗಿನ ಆಪ್ಟಿಕಲ್ ವೈರ್ ಹಾಕಿದ್ದರೆ ಎಸ್‌ಎಸಿಡಿಯ ಸರೌಂಡ್ ಅದರಲ್ಲಿ ಹೋಗುವುದೇ ಇಲ್ಲ. ಎಚ್‌ಡಿಎಂಐ ಬೇಕು. ಅಥವಾ ಹಳೆಯ ಪ್ಲೇಯರ್ ಆಗಿದ್ದರೆ ಹಿಂಬದಿಯ ಆರು ಅನಲಾಗ್ ಸಾಕೆಟ್‌ನಿಂದ ಆರು ವೈರ್ ಎಳೆಯಬೇಕು, ಸ್ಪೀಕರುಗಳಿಗೆ ಸದ್ದು ಹಂಚುವ ರಿಸೀವರಿನಲ್ಲೂ ಅಷ್ಟೇ ಸಾಕೆಟ್ ಇರಬೇಕು.

ಕೇಬಲ್ ಸರಿ ಇದ್ದರೂ ಸೆಟ್ಟಿಂಗ್‌ನಲ್ಲಿ ಒಂದು ಗಂಟು ಇದೆ. ಸೋನಿ ಪ್ಲೇಯರುಗಳ ಮೆನುವಿನಲ್ಲಿ ಎಸ್‌ಎಸಿಡಿಗೇ ಅಂತ ಎರಡು ಆಯ್ಕೆ ಇರುತ್ತವೆ: ಯಾವ ಪದರ ಓದಬೇಕು, ಎಷ್ಟು ಚಾನೆಲ್ ಓದಬೇಕು. ಅಲ್ಲಿ 2 ಚಾನೆಲ್ ಅಂತ ಇದ್ದರೆ ಮಲ್ಟಿಗೆ ಬದಲಿಸಿ. ನನಗೆ ಗೊತ್ತಿರುವ ಮೂರು ನಾಲ್ಕು ಮನೆಗಳಲ್ಲಿ ಇಷ್ಟೇ ತೊಂದರೆ ಇತ್ತು. ಒಂದು ಮನೆಯಲ್ಲಿ ಎರಡು ವರ್ಷ ಸ್ಟೀರಿಯೊ ಕೇಳಿ, ಸರೌಂಡ್ ಅಂದರೆ ಇಷ್ಟೇನಾ ಅಂತ ಬೇಜಾರಾಗಿ, ಹಿಂದಿನ ಸ್ಪೀಕರ್ ತೆಗೆದು ಅಟ್ಟಕ್ಕೆ ಹಾಕಿದ್ದರು.

ಪ್ಲೇಯರೇ ಹೊಸದು ಬೇಕು ಅಂದರೆ ಸೋನಿಯ ಯುಬಿಪಿ-ಎಕ್ಸ್800ಎಂ2 ಥರದ್ದು ನೋಡಿ. ಎಸ್‌ಎಸಿಡಿ, ಡಿವಿಡಿ-ಆಡಿಯೊ, ಬ್ಲೂ-ರೇ ಮೂರನ್ನೂ ಓದುತ್ತದೆ. ಸಂಗ್ರಹಗಾರರು ಒಪ್ಪೊ ಪ್ಲೇಯರ್ ಅಂತ ಹೇಳುವುದನ್ನು ಕೇಳಿರಬಹುದು. ಒಳ್ಳೆಯ ಯಂತ್ರಗಳು, ನಿಜ. ಆದರೆ ಆ ಕಂಪನಿ 2018ರ ಏಪ್ರಿಲ್‌ನಲ್ಲೇ ಹೊಸ ಪ್ಲೇಯರ್ ಮಾಡುವುದನ್ನು ನಿಲ್ಲಿಸಿತು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಲೇಸರ್ ಕೆಟ್ಟರೆ ನಮ್ಮ ಕೊಡಗಿನಲ್ಲಿ ಕೂತು ಬಿಡಿಭಾಗ ಹುಡುಕುವುದು ಬಹಳ ಕಷ್ಟ. ನಾನಾದರೆ ಬೇಡ ಅನ್ನುತ್ತೇನೆ.

ಡಿಟಿಎಸ್ ಸಿಡಿ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಕಾರಿನ ಸ್ಟೀರಿಯೊಗೋ ಮಾಮೂಲಿ ಸಿಡಿ ಪ್ಲೇಯರಿಗೋ ಹಾಕಬೇಡಿ. ಹಾಡಿನ ಬದಲು ಜೋರಾದ ಸುಂಯ್ ಅನ್ನೋ ಗದ್ದಲ ಬರುತ್ತದೆ, ಸ್ಪೀಕರಿಗೂ ಕಿವಿಗೂ ಒಳ್ಳೆಯದಲ್ಲ. ಅದನ್ನು ಡಿಜಿಟಲ್ ಕೇಬಲ್ಲಿನಲ್ಲಿ ರಿಸೀವರಿಗೆ ಕಳಿಸಿ, ರಿಸೀವರೇ ಅದನ್ನು ಬಿಡಿಸಬೇಕು. ಇದಕ್ಕೆ ಆಪ್ಟಿಕಲ್ ವೈರ್ ಸಾಕು. ಡಿವಿಡಿ-ಆಡಿಯೊ ಸ್ವಲ್ಪ ಸಲೀಸು. ಹೆಚ್ಚಿನ ಡಿಸ್ಕ್‌ಗಳಲ್ಲಿ ಮಾಮೂಲಿ ಡಿವಿಡಿ ಪ್ಲೇಯರಿಗೂ ಓದಲು ಬರುವ ಡಾಲ್ಬಿ ಅಥವಾ ಡಿಟಿಎಸ್ ಟ್ರ್ಯಾಕ್ ಇರುತ್ತದೆ, ಅದು ಗುಣಮಟ್ಟದಲ್ಲಿ ಒಂದು ಮೆಟ್ಟಿಲು ಕೆಳಗೆ. ಏನೂ ಬಿಟ್ಟುಹೋಗದ ಪೂರ್ತಿ ಸದ್ದು ಬೇಕಿದ್ದರೆ ಡಿವಿಡಿ-ಆಡಿಯೊ ಓದುವ ಪ್ಲೇಯರೇ ಬೇಕು.

ಇಷ್ಟು ಮಾಡಿಕೊಂಡ ಮೇಲೆ ಒಂದು ಸಂಜೆ ಕೂತು ಕೇಳಿ. ಏನು ಕೇಳಬೇಕು ಅಂತ ಹೇಳುತ್ತೇನೆ, ಯಾಕೆಂದರೆ ಸಂಗ್ರಹದ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ.

ನಮ್ಮ ಸುಗ್ಗಿ ಹಬ್ಬ ಪುತ್ತರಿಯ ಕೋಲಾಟದ ದಿನ ಮಂದ್‌ಗೆ, ಊರ ಬಯಲಿಗೆ, ಹೋಗಿರುತ್ತೀರಲ್ಲ. ಅಂಚಿನಲ್ಲಿ ನಿಂತರೆ ವಾಲಗ, ಕೊಂಬು, ಕೋಲಿನ ಸದ್ದು ಎಲ್ಲ ಎದುರಿನಿಂದ ಬರುತ್ತದೆ. ಬೆನ್ನ ಹಿಂದೆ ಜನರ ಮಾತು, ಮಕ್ಕಳ ಗಲಾಟೆ. ಅದೇ ನೀವು ಕೋಲು ಹಿಡಿದು ಸುತ್ತಿನಲ್ಲಿ ಸೇರಿದರೆ? ಕೋಲಿನ ಏಟು ಬಲಕ್ಕೆ, ಹಿಂದೆ, ಎಡಕ್ಕೆ, ವಾಲಗ ಒಂದು ಪಕ್ಕದಿಂದ, ನೀವು ತಿರುಗಿದ ಹಾಗೆ ಅದೂ ಜಾಗ ಬದಲಿಸುತ್ತದೆ. ಹಾಡು ಅದೇ. ನಿಂತ ಜಾಗ ಬೇರೆ, ಅದಕ್ಕೇ ಕೇಳುವುದೂ ಬೇರೆ. ಯಾವ ಸದ್ದು ಯಾವ ಸ್ಪೀಕರಿನಲ್ಲಿ ಎಷ್ಟು ಬರಬೇಕು ಅಂತ ಜೋಡಿಸುವುದೇ ಮಿಕ್ಸ್. ಸರೌಂಡ್ ಮಿಕ್ಸ್ ಮಾಡುವವರಲ್ಲೂ ಈ ಎರಡು ದಾರಿ ಇದೆ. ಕೆಲವರು ನಿಮ್ಮನ್ನು ಅಂಚಿನಲ್ಲಿ ನಿಲ್ಲಿಸುತ್ತಾರೆ: ಎದುರಿಗೆ ಮೇಳ, ಹಿಂದಿನ ಸ್ಪೀಕರಿನಲ್ಲಿ ಸಭಾಂಗಣದ ಗುಂಗು, ಚಪ್ಪಾಳೆ ಅಷ್ಟೇ. ಶಾಸ್ತ್ರೀಯ ಸಂಗೀತದ ಡಿಸ್ಕ್‌ಗಳು ಜಾಸ್ತಿ ಹೀಗೇ. ಇನ್ನು ಕೆಲವರು ಸುತ್ತಿನ ಒಳಗೆ ಎಳೆದುಕೊಳ್ಳುತ್ತಾರೆ: ಗಿಟಾರ್ ಹಿಂದೆ, ಕೋರಸ್ ಪಕ್ಕದಲ್ಲಿ. ನಿಮಗೆ ಯಾವುದು ಹಿಡಿಸುತ್ತದೆ ಅನ್ನೋದನ್ನು ಚಿಕ್ಕಪ್ಪನ 14 ಡಿಸ್ಕ್‌ಗಳಲ್ಲೇ ಪತ್ತೆ ಮಾಡಿಕೊಳ್ಳಿ. ಅದು ಗೊತ್ತಾಗುವ ಮೊದಲು ಕೊಳ್ಳಲು ಹೊರಟರೆ ದುಡ್ಡು ಸುಮ್ನೆ ಹೋಗುತ್ತದೆ.

ನಾನು ಸಂಗ್ರಹ ಮಾಡುವುದು ಮಿಕ್ಸ್‌ಗಳನ್ನು. ಡಿಸ್ಕ್ ಅದನ್ನು ಹೊತ್ತು ತರುವ ಗಾಡಿ. ಇದು ಬರೀ ಮಾತಲ್ಲ, ಒಂದು ಉದಾಹರಣೆ ಕೊಡುತ್ತೇನೆ. ಪಿಂಕ್ ಫ್ಲಾಯ್ಡ್‌ನ ಡಾರ್ಕ್ ಸೈಡ್ ಆಫ್ ದಿ ಮೂನ್ ತೆಗೆದುಕೊಳ್ಳಿ. 1973ರಲ್ಲಿ ಬಂದ ಆಲ್ಬಂ. ಆ ಕಾಲದಲ್ಲೇ ಅಲನ್ ಪಾರ್ಸನ್ಸ್ ನಾಲ್ಕು ಚಾನೆಲ್ಲಿನ ಕ್ವಾಡ್ ಮಿಕ್ಸ್ ಮಾಡಿದರು. 2003ರಲ್ಲಿ ಜೇಮ್ಸ್ ಗುತ್ರಿ ಹೊಸದಾಗಿ 5.1 ಮಿಕ್ಸ್ ಮಾಡಿದರು, ಅದು ಎಸ್‌ಎಸಿಡಿ ಆಗಿ ಬಂತು. 2011ರ ದೊಡ್ಡ ಬಾಕ್ಸಿನಲ್ಲಿ ಈ ಎರಡೂ ಇದ್ದವು. 50 ವರ್ಷ ತುಂಬಿದಾಗ, 2023ರಲ್ಲಿ, ತಲೆಯ ಮೇಲಿನಿಂದಲೂ ಸದ್ದು ಬರುವ ಡಾಲ್ಬಿ ಅಟ್ಮಾಸ್ ಮಿಕ್ಸ್ ಬಂತು. ಒಂದೇ ಆಲ್ಬಂ, ಮೂರು ಸರೌಂಡ್ ಮಿಕ್ಸ್, ಮೂರೂ ಬೇರೆ ಬೇರೆ ಅನುಭವ. ಯಾರಾದರೂ ನಿಮಗೆ "ಅದರ ಸರೌಂಡ್ ಡಿಸ್ಕ್ ಇದೆ, ಅಪರೂಪದ್ದು" ಅಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಕಾಪಿ ಮಾಡಿದ್ದಾರೆ" ಅಂತ ಅಲ್ಲ, "ಯಾವ ಮಿಕ್ಸ್" ಅಂತ.

ಈ ಕ್ವಾಡ್ ಕಥೆ ಸ್ವಲ್ಪ ಹೇಳಲೇಬೇಕು. ಇವತ್ತಿನ ಲಿಮಿಟೆಡ್ ಡಿಸ್ಕ್‌ಗಳಲ್ಲಿ ಒಂದು ದೊಡ್ಡ ಪಾಲು ಅಲ್ಲಿಂದ ಬಂದದ್ದು. 1970ರ ದಶಕದಲ್ಲಿ ಕಂಪನಿಗಳು ನೂರಾರು ಆಲ್ಬಂಗಳನ್ನು ನಾಲ್ಕು ಸ್ಪೀಕರಿಗೆ ಅಂತ ಮತ್ತೆ ಮಿಕ್ಸ್ ಮಾಡಿದವು. ಆದರೆ ಮನೆಗೆ ತಲುಪಿಸುವ ದಾರಿ ಸರಿ ಇರಲಿಲ್ಲ. ಸಿಬಿಎಸ್‌ನ ಎಸ್‌ಕ್ಯೂ, ಸ್ಯಾನ್‌ಸುಯಿಯ ಕ್ಯೂಎಸ್ ಇವು ನಾಲ್ಕು ಚಾನೆಲ್ಲನ್ನು ಎರಡರೊಳಗೆ ಮಡಚಿ ಎಲ್‌ಪಿಯಲ್ಲಿ ಕೂರಿಸುತ್ತಿದ್ದವು. ಬಿಡಿಸುವಾಗ ಒಂದರ ಸದ್ದು ಇನ್ನೊಂದಕ್ಕೆ ಸೋರುತ್ತಿತ್ತು. ಜೆವಿಸಿಯ ಸಿಡಿ-4 (ಹೆಸರು ಹೀಗಿದ್ದರೂ ಇದೂ ಎಲ್‌ಪಿಯೇ) ನಾಲ್ಕನ್ನೂ ಬೇರೆಯಾಗಿ ಇಡುತ್ತಿತ್ತು, ಅದಕ್ಕೆ ಹಿಂದಿನ ಚಾನೆಲ್ಲಿನ ಮಾಹಿತಿಯನ್ನು ಕಿವಿಗೆ ಕೇಳದಷ್ಟು ಎತ್ತರದಲ್ಲಿ, 30 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಕೆತ್ತಬೇಕಿತ್ತು, ವಿಶೇಷ ಮುಳ್ಳು ಬೇಕಿತ್ತು, ಎಲ್‌ಪಿ ಸವೆದ ಹಾಗೆ ಅದೂ ಹೋಗುತ್ತಿತ್ತು. ಒಂದಕ್ಕೊಂದು ಹೊಂದದ ಇಷ್ಟು ಪದ್ಧತಿ ನೋಡಿ ಜನ ಬೇಸತ್ತರು. ದಶಕ ಮುಗಿಯುವುದರೊಳಗೆ ಕ್ವಾಡ್ ಮುಗಿಯಿತು. ಮಿಕ್ಸ್‌ಗಳು ಮಾತ್ರ ಕಂಪನಿಗಳ ಗೋದಾಮಿನಲ್ಲಿ ಟೇಪಿನಲ್ಲಿ ಉಳಿದವು.

ಆ ಟೇಪುಗಳನ್ನು ಈಗ ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದಾರೆ. ಇಂಗ್ಲೆಂಡಿನ ಡಟ್ಟನ್ ವೊಕಾಲಿಯನ್ ಅನ್ನೋ ಸಣ್ಣ ಕಂಪನಿ ಹಳೆಯ ಕ್ವಾಡ್ ಆಲ್ಬಂಗಳನ್ನು ಹೈಬ್ರಿಡ್ ಎಸ್‌ಎಸಿಡಿಯಲ್ಲಿ ತರುತ್ತದೆ, ಎಷ್ಟೋ ಸಲ ಒಂದೇ ಡಿಸ್ಕಿನಲ್ಲಿ ಎರಡು ಆಲ್ಬಂ. ನೆದರ್‌ಲ್ಯಾಂಡ್ಸಿನ ಪೆಂಟಾಟೋನ್ 2001ರಲ್ಲಿ ಶುರುವಾದದ್ದು, ಫಿಲಿಪ್ಸ್‌ನಲ್ಲಿ ಇದ್ದವರೇ ಕಟ್ಟಿದ್ದು, ಅವರು ಫಿಲಿಪ್ಸ್‌ನ ಶಾಸ್ತ್ರೀಯ ಕ್ವಾಡ್ ಟೇಪುಗಳಿಗೆ ಜೀವ ಕೊಟ್ಟರು. ಅಮೆರಿಕದ ರೈನೊ ಕ್ವಾಡಿಯೊ ಅನ್ನೋ ಹೆಸರಿನಲ್ಲಿ ಬ್ಲೂ-ರೇ ತರುತ್ತಿದೆ. ಮಿಕ್ಸ್ ಮಾಡಿದ 50 ವರ್ಷದ ಮೇಲೆ, ಸ್ಟುಡಿಯೊದಲ್ಲಿ ಮಾಡಿದ ಹಾಗೇ, ಸೋರಿಕೆ ಇಲ್ಲದೆ, ಪೊನ್ನಂಪೇಟೆಯ ಒಂದು ಮನೆಯಲ್ಲಿ ಕೇಳಬಹುದು ಅಂದರೆ ಅದು ಸಣ್ಣ ವಿಷಯ ಅಲ್ಲ. ನನಗೆ ಈ ಹುಚ್ಚು ಹಿಡಿದದ್ದು ಇದರಿಂದಲೇ.

ಇನ್ನು "ಲಿಮಿಟೆಡ್" ಯಾಕೆ ಅಂತ. ಬೇಡಿಕೆ ಕೃತಕವಾಗಿ ಏರಿಸಲು ಅಂತ ಕೆಲವರು ಬೈಯುತ್ತಾರೆ, ಅದು ಪೂರ್ತಿ ನಿಜ ಅಲ್ಲ. ಸಣ್ಣ ಕಂಪನಿ ದೊಡ್ಡ ಕಂಪನಿಯಿಂದ ಹಕ್ಕು ತೆಗೆದುಕೊಳ್ಳುವಾಗ ಇಂತಿಷ್ಟು ಕಾಪಿ, ಇಷ್ಟು ವರ್ಷ ಅಂತ ಒಪ್ಪಂದ ಇರುತ್ತದೆ. ಎಸ್‌ಎಸಿಡಿ ಒತ್ತುವ ಕಾರ್ಖಾನೆಗಳೂ ಕಡಿಮೆ. ಕೇಳುವವರೂ ಕಡಿಮೆ, ಮಾರಾಟ ಆಗದೆ ಉಳಿದರೆ ಸಣ್ಣ ಕಂಪನಿ ಮುಳುಗುತ್ತದೆ. ಅದಕ್ಕೇ ಕೆಲವು ಅಂಗಡಿಗಳು ಮೊದಲೇ ದಿನ ಗೊತ್ತು ಮಾಡಿ, ಅಷ್ಟರೊಳಗೆ ಬುಕ್ ಮಾಡಿದವರಿಗೆ ಮಾತ್ರ ಒತ್ತಿಸುತ್ತವೆ. ಇದು ನ್ಯಾಯವಾದ ದಾರಿ ಅಂತ ನನಗೆ ಅನ್ನಿಸುತ್ತದೆ, ದಿನ ಗೊತ್ತಿರುತ್ತದೆ, ಓಡಾಟ ಇಲ್ಲ. ಸಂಖ್ಯೆ ಬರೆದ ಡಿಸ್ಕ್‌ಗಳ ಕಥೆ ಬೇರೆ. ಬಾಕ್ಸಿನ ಹಿಂದೆ 0412 ಅಂತ ಬರೆದಿದ್ದರೆ ಅದರಿಂದ ಸದ್ದು ಒಂದು ಎಳೆಯಷ್ಟೂ ಬದಲಾಗುವುದಿಲ್ಲ. ಸಂಖ್ಯೆಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಮುಗಿದುಹೋದ ಡಿಸ್ಕಿನ ಬೆಲೆ ಎರಡು ಮೂರು ಪಟ್ಟು ಏರುವುದು ಸಾಮಾನ್ಯ. ಆದರೆ ಅದೇ ಮಿಕ್ಸ್ ಮತ್ತೆ ಬ್ಲೂ-ರೇಯಲ್ಲಿ ಬಂದರೆ ಹಳೆಯದರ ಬೆಲೆ ಧೊಪ್ಪನೆ ಬೀಳುತ್ತದೆ. ನನ್ನ ಕಣ್ಣೆದುರೇ ಹಲವು ಸಲ ಆಗಿದೆ. ಹಾಗಾಗಿ ಇದನ್ನು ಹೂಡಿಕೆ ಅಂತ ನೋಡುವವರಿಗೆ ನಾನು ಕೊಡುವ ಸಲಹೆ ಒಂದೇ, ಆ ದುಡ್ಡಿಗೆ ಕಾಳುಮೆಣಸಿನ ಬಳ್ಳಿ ಹಾಕಿ.

ಈಗ ನಿಮ್ಮ 9000ದ ಡಿಸ್ಕ್. ಮಾರುವವರಿಂದ ಡಿಸ್ಕಿನ ಎರಡೂ ಬದಿಯ, ಕವರಿನ ಹಿಂಬದಿಯ ಫೋಟೋ ತರಿಸಿ. ಕವರಿನ ಮೇಲೆ ಮಲ್ಟಿ-ಚಾನೆಲ್ ಅನ್ನೋ ಗುರುತು ಇದೆಯಾ ನೋಡಿ. ಎಸ್‌ಎಸಿಡಿ ಅಂದ ಮಾತ್ರಕ್ಕೆ ಸರೌಂಡ್ ಅಲ್ಲ, ಬರೀ ಸ್ಟೀರಿಯೊ ಇರುವ ಎಸ್‌ಎಸಿಡಿಗಳು ಬೇಕಾದಷ್ಟಿವೆ. ನಾನೂ ಇಲ್ಲಿ ಪೆಟ್ಟು ತಿಂದಿದ್ದೇನೆ. ಜಪಾನಿನಿಂದ ಬಂದ, ಎಸ್‌ಎಚ್‌ಎಂ-ಎಸ್‌ಎಸಿಡಿ ಅನ್ನೋ ಸರಣಿಯ ಒಂದು ಡಿಸ್ಕ್, ಕಾಗದದ ಪಟ್ಟಿ ಸುತ್ತಿದ ಚಂದದ ಪ್ಯಾಕ್, ಒಬ್ಬರಿಂದ ಜಾಸ್ತಿ ಬೆಲೆಗೆ ತೆಗೆದುಕೊಂಡೆ. ಮನೆಗೆ ತಂದು ಹಾಕಿದರೆ ಎರಡೇ ಚಾನೆಲ್. ಆ ಸರಣಿಯ ಡಿಸ್ಕ್‌ಗಳಲ್ಲಿ ಹೆಚ್ಚಿನವು ಸ್ಟೀರಿಯೊ ಮಾತ್ರ, ಹೈಬ್ರಿಡ್ ಕೂಡ ಅಲ್ಲ, ಹಾಗಾಗಿ ಸಿಡಿ ಪ್ಲೇಯರಿನಲ್ಲೂ ಓಡುವುದಿಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಎರಡನೆಯದು, ಡಿಸ್ಕಿನ ಓದುವ ಬದಿಯ ಬಣ್ಣ. ಮನೆಯಲ್ಲಿ ಎಸ್‌ಎಸಿಡಿ ಬರೆಯುವ ಡ್ರೈವ್ ಅನ್ನೋದೇ ಇಲ್ಲ, ಜನಸಾಮಾನ್ಯರಿಗೆ ಅದು ಯಾವತ್ತೂ ಸಿಕ್ಕಿಲ್ಲ. ಹಾಗಾಗಿ ಓದುವ ಬದಿ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಅದು ಯಾರೋ ಡಿವಿಡಿ-ಆರ್‌ನಲ್ಲಿ ಬರೆದ ನಕಲು. ಅಸಲಿ ಹೈಬ್ರಿಡ್ ಡಿಸ್ಕ್ ಬೆಳ್ಳಿ ಅಥವಾ ಸ್ವಲ್ಪ ಚಿನ್ನದ ಛಾಯೆಯಲ್ಲಿ ಹೊಳೆಯುತ್ತದೆ. ನಡುವಿನ ತೂತಿನ ಸುತ್ತ ಇರುವ ಉಂಗುರದಲ್ಲಿ ಕಾರ್ಖಾನೆಯ ಅಕ್ಷರ, ಸಂಖ್ಯೆ ಕೆತ್ತಿರುತ್ತವೆ. ಅದನ್ನು ಡಿಸ್ಕಾಗ್ಸ್ ಅನ್ನೋ ವೆಬ್‌ಸೈಟಿನಲ್ಲಿ ಹುಡುಕಿದರೆ ಯಾವ ದೇಶದ, ಯಾವ ಸಲದ ಒತ್ತು ಅಂತ ತಿಳಿಯುತ್ತದೆ. ಅಲ್ಲೇ ಹಿಂದಿನ ಮಾರಾಟಗಳ ಬೆಲೆಯೂ ಇರುತ್ತದೆ. ಜನ ಕೇಳುವ ಬೆಲೆ ಬಿಡಿ, ನಿಜವಾಗಿ ಮಾರಿಹೋದ ಬೆಲೆಯ ನಡುಮಟ್ಟ ನೋಡಿ. ಅದಕ್ಕೆ ಸಾಗಣೆ, ಸುಂಕ ಸೇರಿಸಿ. ಅಷ್ಟಾದರೂ 9000ಕ್ಕೆ ಹತ್ತಿರ ಬಂದರೆ, ಆ ಮಿಕ್ಸ್ ಬೇರೆ ಯಾವ ಡಿಸ್ಕಿನಲ್ಲೂ ಇಲ್ಲ ಅಂತಾದರೆ, ಆ ಆಲ್ಬಂ ನಿಮಗೆ ಪ್ರಾಣ ಅಂತಾದರೆ, ಕೊಳ್ಳಿ. ಮೂರರಲ್ಲಿ ಒಂದು ತಪ್ಪಿದರೂ ಬಿಟ್ಟುಬಿಡಿ.

ಹೊಸದನ್ನು ಹೊರಗಿನಿಂದ ತರಿಸುವಾಗ ಕೆಲವು ಲೆಕ್ಕ ಮನಸ್ಸಿನಲ್ಲಿರಲಿ. ಇಂಗ್ಲೆಂಡಿನ ಅಂಗಡಿಯಲ್ಲಿ ತೋರಿಸುವ ಬೆಲೆಯಲ್ಲಿ ಅಲ್ಲಿನ 20% ತೆರಿಗೆ ಸೇರಿರುತ್ತದೆ. ಭಾರತಕ್ಕೆ ಕಳಿಸುವಾಗ ಹೆಚ್ಚಿನ ಅಂಗಡಿಗಳು ಅದನ್ನು ಕಳೆಯುತ್ತವೆ, 24 ಪೌಂಡಿನದು 20ಕ್ಕೆ ಇಳಿಯುತ್ತದೆ. ಕಳೆಯದಿದ್ದರೆ ಕೇಳಿ. ಇತ್ತ ನಮ್ಮ ಕಸ್ಟಮ್ಸ್ ಸುಂಕ ಹಾಕುವುದು ಡಿಸ್ಕಿನ ಬೆಲೆಗೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತಕ್ಕೆ. ಹಾಗಾಗಿ ಒಂದೊಂದೇ ತರಿಸುವ ಬದಲು ಮೂರು ನಾಲ್ಕು ಡಿಸ್ಕ್ ಒಟ್ಟಿಗೆ ಕಳಿಸಿ ಅಂತ ಬರೆದರೆ ಸಾಗಣೆಯೂ ಉಳಿಯುತ್ತದೆ, ಅದರ ಮೇಲಿನ ಸುಂಕವೂ ಉಳಿಯುತ್ತದೆ. ಗಿಫ್ಟ್ ಅಂತ ಬರೆಸಿ ಕಳಿಸಲು ಹೇಳಬೇಡಿ, 2019ರ ಕೊನೆಯಿಂದ ಆ ದಾರಿ ಮುಚ್ಚಿದೆ, ಪಾರ್ಸೆಲ್ ಸಿಕ್ಕಿಬೀಳುತ್ತದೆ. ಇನ್ನೊಂದು, ತೋಟದ ಮನೆಯ ವಿಳಾಸ ಕೊಡಬೇಡಿ. ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಪರಿಚಯದ ಅಂಗಡಿಯ ವಿಳಾಸ ಕೊಡಿ. ನನ್ನ ಒಂದು ಬಾಕ್ಸ್ ಜುಲೈ ತಿಂಗಳಲ್ಲಿ ಗೇಟಿನ ಹತ್ತಿರ ಮರದ ಬುಡದಲ್ಲಿ ಇಡೀ ಮಧ್ಯಾಹ್ನ ನೆನೆದಿತ್ತು, ತಂದವರು ನಾಯಿಗೆ ಹೆದರಿ ಅಲ್ಲೇ ಇಟ್ಟು ಹೋಗಿದ್ದರು.

ಮೊಬೈಲಿನಲ್ಲಿ ಅಟ್ಮಾಸ್ ಬರುತ್ತದಲ್ಲ, ಡಿಸ್ಕ್ ಯಾಕೆ ಅಂತ ನಿಮ್ಮ ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಆಪಲ್ ಮ್ಯೂಸಿಕ್ 2021ರ ಜೂನ್‌ನಲ್ಲಿ ಅಟ್ಮಾಸ್ ಶುರು ಮಾಡಿತು, ಕೇಳಲು ಚೆನ್ನಾಗಿಯೇ ಇದೆ, ಯಾವ ಮಿಕ್ಸ್ ಇಷ್ಟ ಆಗುತ್ತದೆ ಅಂತ ನೋಡಲು ನಾನೂ ಬಳಸುತ್ತೇನೆ. ಆದರೆ ಅಲ್ಲಿ ಬರುವುದು ಸೆಕೆಂಡಿಗೆ 768 ಕಿಲೋಬಿಟ್‌ಗೆ ಹಿಂಡಿದ ಸದ್ದು. ಬ್ಲೂ-ರೇಯಲ್ಲಿರುವುದು ಏನೂ ಕಳೆಯದ ಡಾಲ್ಬಿ ಟ್ರೂಎಚ್‌ಡಿ. ಒಳ್ಳೆಯ ಸ್ಪೀಕರಿನಲ್ಲಿ ತಾಳದ ಕೊನೆಯ ಗುಂಗು, ಸಭಾಂಗಣದ ಗಾಳಿ ಇವುಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಹಳೆಯ ಕ್ವಾಡ್, 5.1 ಮಿಕ್ಸ್‌ಗಳಲ್ಲಿ ಎಷ್ಟೋ ಅಲ್ಲಿ ಇಲ್ಲವೇ ಇಲ್ಲ. ಅಷ್ಟೂ ಅಲ್ಲದೆ ಕಕ್ಕಡದ ಮಳೆ ತಿಂಗಳಲ್ಲಿ ನೆಟ್‌ವರ್ಕ್ ಹೋದರೆ ನಾಲ್ಕು ದಿನ ಬರುವುದಿಲ್ಲ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮವರ ಕೆಲಸವೂ ಈ ಲೋಕದಲ್ಲಿದೆ. ಬೆಂಗಳೂರಿನ ರಿಕಿ ಕೇಜ್ ಅವರು ಸ್ಟೂವರ್ಟ್ ಕೋಪ್‌ಲ್ಯಾಂಡ್ ಜೊತೆ ಮಾಡಿದ ಡಿವೈನ್ ಟೈಡ್ಸ್ ಆಲ್ಬಂಗೆ 2023ರಲ್ಲಿ ಸರೌಂಡ್ ವಿಭಾಗದ ಗ್ರ್ಯಾಮಿ ಬಂತು. ಸಿನಿಮಾ ಡಿವಿಡಿ, ಬ್ಲೂ-ರೇಗಳಲ್ಲಿನ ಹಾಡುಗಳಿಗೆ 5.1 ಇದ್ದರೆ ಅದೂ ಸಿಡಿಯಲ್ಲಿ ಸಿಗದ ಮಿಕ್ಸೇ. ಕಡಿಮೆ ಖರ್ಚಿನಲ್ಲಿ ಶುರು ಮಾಡಬೇಕು ಅಂದರೆ ಅಲ್ಲಿಂದ ಮಾಡಿ.

ಸ್ಪೀಕರ್ ಇಡುವ ಬಗ್ಗೆ ಎರಡೇ ಮಾತು. ಸಿನಿಮಾಕ್ಕೆ ಅಂತ ಹಿಂದಿನ ಸ್ಪೀಕರನ್ನು ಛಾವಣಿಯ ಮೂಲೆಗೆ ಹೊಡೆದಿರುತ್ತಾರೆ. ಸಂಗೀತಕ್ಕೆ ಅದು ಆಗುವುದಿಲ್ಲ. ಕಿವಿಯ ಎತ್ತರಕ್ಕೆ ತನ್ನಿ. ಎದುರಿನ ಎರಡು ನಡುಗೆರೆಯಿಂದ ತಲಾ 30 ಡಿಗ್ರಿ, ಹಿಂದಿನ ಎರಡು 100ರಿಂದ 120 ಡಿಗ್ರಿ, ಅಂದರೆ ಭುಜಕ್ಕಿಂತ ಸ್ವಲ್ಪ ಹಿಂದೆ. ಕ್ವಾಡ್ ಮಿಕ್ಸಿನಲ್ಲಿ ಹಿಂದಿನ ಸ್ಪೀಕರಿಗೂ ಮುಂದಿನಷ್ಟೇ ಕೆಲಸ ಇರುತ್ತದೆ, ಹಾಗಾಗಿ ಹಿಂದಿನದು ಅಂಗೈಯಷ್ಟು ಚಿಕ್ಕದಾದರೆ ಗಿಟಾರ್ ಸೊರಗುತ್ತದೆ. ಮುಂದೊಂದು ದಿನ ಡಿಸ್ಕಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಹಿಂದಿನ ಸ್ಪೀಕರಿಗೆ ತೆಗೆದಿಡಿ.

ಇನ್ನು ಮಳೆ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ನಮ್ಮ ಲೆಕ್ಕದಲ್ಲಿ 120 ಇಂಚು ಹತ್ತಿರ. ನಿಮ್ಮ ಕಡೆ ಸ್ವಲ್ಪ ಕಡಿಮೆ ಇರಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬಟ್ಟೆಯೇ ಹಸಿ ಹಸಿ ಅನ್ನಿಸುತ್ತದೆ ಅಲ್ವಾ. ಡಿಸ್ಕ್‌ಗಳನ್ನು ಇಡಲು ತಜ್ಞರು ಹೇಳುವ ತೇವಾಂಶ 20ರಿಂದ 50%. ನಮ್ಮ ಮಳೆಗಾಲದ ಮನೆಯೊಳಗೆ ಅದು 85, 90 ಇರುತ್ತದೆ. ಪ್ಲಾಸ್ಟಿಕ್ ಡಿಸ್ಕಿಗೆ ತೇವ ಏನು ಮಾಡುತ್ತದೆ ಅಂತ ಕೇಳಬಹುದು. ಒಳಗೆ ಅಲ್ಯೂಮಿನಿಯಂನ ತೆಳ್ಳಗಿನ ಪದರ ಇದೆ, ಅದರ ಮೇಲೆ ಅರಗಿನಂಥ ಲೇಪ. ಅಂಚಿನಲ್ಲಿ ಲೇಪ ಸರಿ ಮುಚ್ಚದಿದ್ದರೆ ತೇವ ಒಳಗೆ ಹೋಗಿ ಲೋಹ ಮಸುಕಾಗುತ್ತದೆ. 1988ರಿಂದ 1993ರ ನಡುವೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಒಂದು ಕಾರ್ಖಾನೆಯಲ್ಲಿ ಒತ್ತಿದ ಎಷ್ಟೋ ಸಿಡಿಗಳು ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. ಪುಸ್ತಿಕೆಯ ಕಾಗದದಲ್ಲಿದ್ದ ಗಂಧಕ ಲೇಪವನ್ನು ದಾಟಿ ಹೋಗಿತ್ತು. ಬೂಷ್ಟಿನ ವಿಷಯಕ್ಕೆ ಬಂದರೆ, ಮಧ್ಯ ಅಮೆರಿಕದ ಬೆಲೀಜ್ ಸೆಕೆಯ ದೇಶ, ತೇವ ಮಾತ್ರ ನಮ್ಮ ಹಾಗೇ. ಅಲ್ಲಿಂದ ಬಂದ ಒಂದು ಸಿಡಿಯನ್ನು ಶಿಲೀಂಧ್ರ ಅಂಚಿನಿಂದ ಒಳಗೆ ತಿಂದದ್ದನ್ನು ವಿಜ್ಞಾನಿಗಳು ನೋಡಿ 2001ರಲ್ಲಿ ವರದಿ ಮಾಡಿದರು. ಅದು ಅಪರೂಪದ ಸಂಗತಿ. ನಿಮ್ಮ ಎರಡು ಡಿಸ್ಕಿನ ಬೂಷ್ಟು ಬಹುಶಃ ಮೇಲ್ಮೈಯಲ್ಲಿ ಮಾತ್ರ ಇದೆ.

ಅವನ್ನು ತೊಳೆಯಿರಿ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಮೆತ್ತನೆಯ ಹತ್ತಿ ಬಟ್ಟೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಿರಿ, ಸುತ್ತಲೂ ತಿರುಗಿಸಿ ಉಜ್ಜಬೇಡಿ. ಅಡ್ಡ ಗೀರನ್ನು ಪ್ಲೇಯರ್ ಸರಿದೂಗಿಸಿಕೊಳ್ಳುತ್ತದೆ, ಹಾಡಿನ ದಾರಿಯ ಜೊತೆಗೇ ಓಡುವ ಗೀರನ್ನು ಆಗುವುದಿಲ್ಲ. ಹಳೆಯ ಪ್ಲಾಸ್ಟಿಕ್ ಪೆಟ್ಟಿಗೆ ಬದಲಿಸಿ, ಬೂಷ್ಟಿನ ಬೀಜ ಅದರಲ್ಲೇ ಇರುತ್ತದೆ. ಸಿಡಿ ಮತ್ತು ಡಿಟಿಎಸ್ ಸಿಡಿಯಲ್ಲಿ ಹಾಡು ಇರುವುದು ಚಿತ್ರದ ಬದಿಗೆ ತೀರ ಹತ್ತಿರ, ಹಾಗಾಗಿ ಆ ಬದಿಗೂ ಅಷ್ಟೇ ಜೋಪಾನ, ಪೆನ್ನಿನಲ್ಲಿ ಹೆಸರು ಬರೆಯಬೇಡಿ. ಡಿವಿಡಿ, ಎಸ್‌ಎಸಿಡಿ ಎರಡು ತೆಳು ಹಾಳೆ ಅಂಟಿಸಿ ಮಾಡಿದ್ದು. ಪೆಟ್ಟಿಗೆಯ ಬಿಗಿ ಗುಂಡಿಯಿಂದ ಬಗ್ಗಿಸಿ ಕಿತ್ತರೆ ಅಂಟು ಬಿಡುತ್ತದೆ, ಗುಂಡಿ ಒತ್ತಿ ತೆಗೆಯಿರಿ.

ಇಡುವುದು ಎಲ್ಲಿ? ಪಾರ್ಚ್‌ಮೆಂಟ್ ಕಾಫಿ 10% ತೇವಕ್ಕೆ ಇಳಿಯುವವರೆಗೆ ನೀವು ಗೋಣಿಗೆ ತುಂಬುವುದಿಲ್ಲ. ಅದೇ ಶಿಸ್ತು ಇಲ್ಲೂ ಇರಲಿ. ಕ್ಯಾಮೆರಾದವರು ಲೆನ್ಸ್ ಇಡುವ ವಿದ್ಯುತ್ ಡ್ರೈ ಕ್ಯಾಬಿನೆಟ್ ಬಹಳ ಒಳ್ಳೆಯದು, 45%ಗೆ ಇಟ್ಟು ಮರೆತುಬಿಡಬಹುದು. ಅಷ್ಟು ಖರ್ಚು ಈಗ ಬೇಡ ಅಂದರೆ ರಬ್ಬರ್ ಅಂಚಿನ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ಒಂದು ಸಣ್ಣ ಡಿಜಿಟಲ್ ತೇವ ಮಾಪಕ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ತುಂಬಿದೆ ಅಂತ ಅರ್ಥ, ಓವನ್ನಿನಲ್ಲಿ ಒಣಗಿಸಿ, ಪೂರ್ತಿ ಆರಿದ ಮೇಲೆ ಒಳಗಿಡಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಕಿತ್ತಳೆ ಬಣ್ಣದ್ದು ತನ್ನಿ. ಬೀರುವಿನಲ್ಲಿ ಬಲ್ಬ್ ಉರಿಸುವ ನಮ್ಮ ಹಳೆಯ ಉಪಾಯ ಬಟ್ಟೆಗೆ ಸರಿ, ಡಿಸ್ಕಿಗೆ ಬೇಡ, ಬಲ್ಬಿನ ಹತ್ತಿರದ್ದು ಬಿಸಿಗೆ ಬಾಗುತ್ತದೆ. ಒಲೆಯ ಮೇಲಿನ ಅಟ್ಟವಂತೂ ಬೇಡವೇ ಬೇಡ.

ಬಾಕ್ಸ್ ಸೆಟ್‌ಗಳಲ್ಲಿ ಡಿಸ್ಕಿಗಿಂತ ಮೊದಲು ಹೋಗುವುದು ಪುಸ್ತಕ. 2018ರ ಆಗಸ್ಟ್ ಮಳೆಯಲ್ಲಿ ನಮ್ಮ ಮನೆಯಲ್ಲಿ 11 ದಿನ ಕರೆಂಟ್ ಇರಲಿಲ್ಲ, ಡ್ರೈ ಕ್ಯಾಬಿನೆಟ್ ಸುಮ್ಮನೆ ನಿಂತಿತ್ತು. ಅದರಲ್ಲಿ ಹಿಡಿಸದ ದೊಡ್ಡ ಬಾಕ್ಸ್‌ಗಳು ಹೊರಗೆ ಕಪಾಟಿನಲ್ಲಿದ್ದವು. ಡಿಸ್ಕ್ ಒಂದೂ ಹಾಳಾಗಲಿಲ್ಲ. ಆದರೆ ನುಣುಪು ಕಾಗದದ ಫೋಟೋ ಪುಸ್ತಕಗಳು ಇಟ್ಟಿಗೆಯ ಹಾಗೆ ಅಂಟಿಕೊಂಡವು, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬಂತು. ಆಗ ಬಹಳ ನೋವಾಯಿತು, ಊರಿನವರು ಕಳೆದುಕೊಂಡದ್ದರ ಮುಂದೆ ಅದನ್ನು ಯಾರ ಹತ್ತಿರವೂ ಹೇಳಲಿಲ್ಲ. ಈಗ ಪುಸ್ತಕಗಳನ್ನು ಬೇರೆ ತೆಗೆದು, ಪುಟಗಳ ನಡುವೆ ಬೆಣ್ಣೆ ಕಾಗದ ಇಟ್ಟು, ಡಬ್ಬದಲ್ಲಿಡುತ್ತೇನೆ. ಬಾಕ್ಸ್ ಖಾಲಿಯಾಗಿ ಕಪಾಟಿನಲ್ಲಿ ಚಂದಕ್ಕೆ ನಿಂತಿದೆ.

ಸಿಡಿಲಿನದೂ ಹೇಳಿಬಿಡುತ್ತೇನೆ. ಕಾಫಿ ಹೂ ಅರಳಿಸುವ ಹೂಮಳೆಯ ಕಾಲದ ಗುಡುಗು ಸಿಡಿಲು ಮಳೆಗಾಲದ್ದಕ್ಕಿಂತ ಅಪಾಯ. ಪ್ಲಗ್ ಕಿತ್ತರೆ ಸಾಲದು, ಡಿಶ್ ಕೇಬಲ್ ಮತ್ತು ಇಂಟರ್ನೆಟ್ ವೈರ್ ಎರಡನ್ನೂ ಕೀಳಿ. ನನ್ನ ರಿಸೀವರಿನ ಎಚ್‌ಡಿಎಂಐ ಬೋರ್ಡ್ ಒಂದು ಏಪ್ರಿಲ್ ಸಂಜೆ ಸುಟ್ಟಿತು, ಪ್ಲಗ್ ಕಿತ್ತೇ ಇತ್ತು, ಸಿಡಿಲು ಡಿಶ್ ವೈರಿನಿಂದ ಬಂದಿತ್ತು.

ಈಗ ನೀವು ಮಾಡಬೇಕಾದ್ದು ಇಷ್ಟು. ಚಿಕ್ಕಪ್ಪನ ಡಿಸ್ಕ್‌ಗಳ ಪಟ್ಟಿ ಕಳಿಸಿ, ಯಾವುದರಲ್ಲಿ ಯಾವ ಮಿಕ್ಸ್ ಇದೆ ಅಂತ ನನಗೆ ಗೊತ್ತಿದ್ದಷ್ಟು ಬರೆದು ಕೊಡುತ್ತೇನೆ. ಅವರನ್ನೂ ಕೂರಿಸಿಕೊಂಡು ಕೇಳಿ, ಯಾವ ಬಂದರಿನಲ್ಲಿ ಯಾವುದನ್ನು ತೆಗೆದುಕೊಂಡರು ಅನ್ನೋದು ಅವರಿಗೆ ನೆನಪಿರುತ್ತದೆ, ಬರೆದು ಪೆಟ್ಟಿಗೆಯೊಳಗಿಡಿ. 9000ದ ಡಿಸ್ಕಿನ ಒಳ ಉಂಗುರದ ಫೋಟೋ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಸ್ವಲ್ಪ ಓರೆಯಾಗಿ ಹಿಡಿದು ತೆಗೆಸಿ ಕಳಿಸಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.